ಬಿದ್ದವನನ್ನು ಎತ್ತಿದವರು: ಮಿರಜ ದವಾಖಾನಿಯ ಕಥೆ, ಕಬ್ಬೂರ ರಸ್ತೆಯ ಪ್ರಶ್ನೆ

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಕಬ್ಬೂರ ಭಾಗದಲ್ಲಿ ಹೊತ್ತು ಮುಳುಗಿದ ಮೇಲೆ ಮೋಟಾರ ಸೈಕಲ್ ಹೊಡೆಯುವವರು ಜೀವ ಅಂಗೈಯಲ್ಲಿ ಹಿಡಿದುಕೊಂಡೇ ಹೊರಡಬೇಕು. ನಿಪ್ಪಾಣಿ-ಮುಧೋಳ ರಸ್ತೆಯ ಮೇಲೆ ಒಂದು ಟ್ರ್ಯಾಕ್ಟರ್, ಅದರ ಬೆನ್ನಿಗೆ ಎರಡು ಟ್ರೇಲರ್, ಟ್ರೇಲರಿನ ತುಂಬ ಆಳೆತ್ತರ ಕಬ್ಬು. ಹಿಂದೆ ದೀಪ ಇಲ್ಲ. ಹೊಳೆಯುವ ಪಟ್ಟಿ ಇದ್ದರೂ ಸೋಗೆ ಜೋತುಬಿದ್ದು ಅದನ್ನು ಮುಚ್ಚಿರುತ್ತದೆ. ಎದುರಿನಿಂದ ಬರುವ ಬಸ್ಸಿನ ಬೆಳಕು ಕಣ್ಣಿಗೆ ಹೊಡೆದಾಗ ಮುಂದಿನ ಟ್ರೇಲರ್ ಕಾಣುವುದೇ ಇಲ್ಲ. ಕಂಡಾಗ ಹೊತ್ತು ಮೀರಿರುತ್ತದೆ.

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದೇ. ಬಿದ್ದವನ ಸುತ್ತ ಇಪ್ಪತ್ತು ಮಂದಿ. "ಮುಟ್ಟಬ್ಯಾಡ್ರೋ, ಪೊಲೀಸ್ ಕೇಸ್ ಆಕೈತಿ" ಅಂತ ಒಬ್ಬ. "ಯಾವೂರಾವ ಇವ?" ಅಂತ ಇನ್ನೊಬ್ಬ. ಮೂರನೆಯವ ಮೊಬೈಲು ಎತ್ತಿ ಹಿಡಿದು ಫೋಟೋ ಹೊಡೆಯುತ್ತಿರುತ್ತಾನೆ. ನೆತ್ತರು ಮಾತ್ರ ಹರಿಯುತ್ತಲೇ ಇರುತ್ತದೆ.

ಹಾಗಂತ ಈ ಮಂದಿ ಕಲ್ಲುಮನಸ್ಸಿನವರೇನಲ್ಲ. ಜಾತ್ರೆಯ ದಾಸೋಹಕ್ಕೆ ಜೋಳದ ಚೀಲ ಇಳಿಸುವವರು ಇವರೇ, ಹೊಳೆ ಬಂದು ಊರು ಮುಳುಗಿದಾಗ ರೊಟ್ಟಿ ಕಟ್ಟಿ ಕಳಿಸುವವರೂ ಇವರೇ. ಅಂಜಿಕೆ ಬೇರೆ ಇದೆ. ಎತ್ತಿದವನೇ ಸಾಕ್ಷಿದಾರನಾಗಬೇಕು, ಚಿಕ್ಕೋಡಿ ಕೋರ್ಟಿಗೆ ಎಡತಾಕಬೇಕು, ಅಂಗಡಿ ಬಾಗಿಲು ಹಾಕಬೇಕು, ದವಾಖಾನೆಯವರು ಮೊದಲು ಡಿಪಾಜಿಟ್ ಕಟ್ಟು ಅಂದರೆ ಕಿಸೆಯಿಂದ ತೆಗೆಯಬೇಕು. ಈ ಅಂಜಿಕೆ ಸುಳ್ಳಲ್ಲ, ಬಹಳ ವರ್ಷ ಅದು ನಿಜವೇ ಆಗಿತ್ತು.

ಈ ಅಂಜಿಕೆ ಬಿಡಿಸಲೆಂದೇ ಈಗ ಕಾಯಿದೆ ಬಂದಿದೆ. ಅದರ ಹೆಸರಿನಲ್ಲೇ 'ಗುಡ್ ಸಮರಿಟನ್' ಎಂಬ ಮಾತಿದೆ. ಕರ್ನಾಟಕದ ಕಾಯಿದೆಯೊಳಗೆ, ದಿಲ್ಲಿಯ ಮೋಟಾರು ವಾಹನ ಕಾಯಿದೆಯೊಳಗೆ, ಸುಪ್ರೀಂ ಕೋರ್ಟಿನ ಆದೇಶದೊಳಗೆ ಬಂದು ಕೂತಿರುವ ಈ ಸಮರಿಟನ್ ಯಾರು? ಯಾವ ಪಕ್ಷದವ, ಯಾವ ಊರಿನವ?

ಎರಡು ದೀನಾರಿಯ ಲೆಕ್ಕ

ಆತ ಬೈಬಲ್ಲಿನವ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಬರುತ್ತಾನೆ. ಧರ್ಮಶಾಸ್ತ್ರ ಅರೆದು ಕುಡಿದ ಒಬ್ಬ ಪಂಡಿತ ಯೇಸುವಿಗೆ ಪ್ರಶ್ನೆ ಹಾಕುತ್ತಾನೆ: ನೆರೆಯವನನ್ನು ಪ್ರೀತಿಸು ಅಂತೀರಿ, ನನ್ನ ನೆರೆಯವ ಅಂದರೆ ಯಾರು? ಅದಕ್ಕೆ ಯೇಸು ವ್ಯಾಖ್ಯೆ ಕೊಡದೆ ಒಂದು ರಸ್ತೆಯ ಕಥೆ ಹೇಳುತ್ತಾನೆ.

ಯೆರೂಸಲೇಮಿನಿಂದ ಯೆರಿಕೋ ಊರಿಗೆ ಇಳಿಜಾರು ಹಾದಿ. ಕಳ್ಳರು ಒಬ್ಬನನ್ನು ಬಡಿದು, ಬಟ್ಟೆ ಸಹ ಬಿಚ್ಚಿಕೊಂಡು, ಅರೆಜೀವ ಮಾಡಿ ಒಗೆದು ಹೋಗುತ್ತಾರೆ. ಗುಡಿಯ ಯಾಜಕ ಬರುತ್ತಾನೆ, ನೋಡುತ್ತಾನೆ, ಆಚೆ ಮಗ್ಗುಲಿಂದ ಹೋಗಿಬಿಡುತ್ತಾನೆ. ಗುಡಿಯ ಸೇವೆಯ ಲೇವಿಯನೂ ಹಾಗೇ. ಮೂರನೆಯವ ಸಮಾರ್ಯ ಸೀಮೆಯವ. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗಿಬರುತ್ತಿರಲಿಲ್ಲ, ಹೋಗಿ-ಬಂದು ಇರಲಿಲ್ಲ. ಆತ ನಿಲ್ಲುತ್ತಾನೆ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಬಟ್ಟೆ ಕಟ್ಟುತ್ತಾನೆ. ತನ್ನ ಪ್ರಾಣಿಯ ಮೇಲೆ ಅವನನ್ನು ಕೂರಿಸಿ ತಾನು ನಡೆಯುತ್ತಾನೆ. ಛತ್ರಕ್ಕೆ ಒಯ್ದು ರಾತ್ರಿ ಆರೈಕೆ ಮಾಡಿ ಮರುದಿನ ಛತ್ರದವನ ಕೈಯಲ್ಲಿ ಎರಡು ದೀನಾರಿ ಇಡುತ್ತಾನೆ. ಹೆಚ್ಚು ಖರ್ಚು ಬಂದರೆ ತಿರುಗಿ ಬಂದಾಗ ಕೊಡುತ್ತೇನೆ ಎನ್ನುತ್ತಾನೆ.

ದೀನಾರಿ ಅಂದರೆ ಆಗಿನ ಒಬ್ಬ ಕೂಲಿಯವನ ಒಂದು ದಿನದ ಪಗಾರ. ಎರಡು ದೀನಾರಿ ಅಂದರೆ ಎರಡು ದಿನದ ದುಡಿಮೆ. ಭಾರೀ ದಾನವೇನಲ್ಲ. ಕೈಯಲ್ಲಿದ್ದಷ್ಟು, ಆ ಹೊತ್ತಿಗೆ ಬೇಕಾದಷ್ಟು.

ಪೇಟೆಯ ಮಂದಿ ಈ ಕಥೆಯಲ್ಲಿ ಗಮನಿಸಬೇಕಾದ ಇನ್ನೊಬ್ಬ ಆಸಾಮಿ ಇದ್ದಾನೆ. ಛತ್ರದವನು. ಪ್ರವಚನದಲ್ಲಿ ಅವನ ಸುದ್ದಿ ಬರುವುದು ಅಪರೂಪ. ಗುರುತಿಲ್ಲದ ಗಿರಾಕಿ ಗುರುತಿಲ್ಲದ ರೋಗಿಯನ್ನು ತಂದು ಹಾಕಿ, ಬಾಕಿ ಆಮೇಲೆ ಕೊಡುತ್ತೇನೆ ಅಂದಾಗ "ಉದ್ರಿ ಇಲ್ಲ" ಎನ್ನಲಿಲ್ಲ ಆತ. ಅವನು ಬಾಗಿಲು ತೆಗೆಯದಿದ್ದರೆ ಸಮಾರ್ಯದವನ ಕತ್ತೆ ಎಲ್ಲಿಗೆ ಹೋಗಬೇಕಿತ್ತು?

"ಮಿರಜಿಗೆ ಒಯ್ರಿ"

ಈ ಕಥೆ ಓದಿಕೊಂಡು ಬೆಳೆದ ಒಬ್ಬ ಮನುಷ್ಯ ನಮ್ಮ ಸೀಮೆಗೆ ಬಂದು ಅಂಥ ಒಂದು ಛತ್ರವನ್ನೇ ಕಟ್ಟಿದ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಹಳೆಯ ಮಂದಿಗೆ ಆತನ ಹೆಸರು ಗೊತ್ತಿರಲಿಕ್ಕಿಲ್ಲ, ಆತ ಕಟ್ಟಿದ್ದು ಮಾತ್ರ ಗೊತ್ತು. ಊರ ವೈದ್ಯರು ಕೈ ಚೆಲ್ಲಿದಾಗ, ಬಾಣಂತಿಯ ಜೀವ ಎಳೆದಾಡಿದಾಗ, ಹಿರಿಯರ ಬಾಯಿಂದ ಬರುತ್ತಿದ್ದ ಮಾತು ಒಂದೇ: "ಮಿರಜಿಗೆ ಒಯ್ರಿ." ಮಿರಜ ಅಂದರೆ ಮಿಶನ್ ದವಾಖಾನಿ.

ಕಟ್ಟಿದವರು ಡಾ. ವಿಲಿಯಮ್ ಜೇಮ್ಸ್ ವಾನಲೆಸ್. ಹುಟ್ಟಿದ್ದು 1865ರಲ್ಲಿ, ಕೆನಡಾ ದೇಶದ ಆಂಟಾರಿಯೋ ಪ್ರಾಂತದಲ್ಲಿ. ನ್ಯೂಯಾರ್ಕಿನಲ್ಲಿ ಡಾಕ್ಟರಕಿ ಮುಗಿಸಿ, ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ಕಡೆಯಿಂದ 1889ರಲ್ಲಿ ಹೆಂಡತಿ ಮೇರಿಯೊಂದಿಗೆ ಹಿಂದುಸ್ತಾನಕ್ಕೆ ಬಂದರು. ಮೊದಲು ಸಾಂಗಲಿಯಲ್ಲಿ ಸಣ್ಣ ಔಷಧಾಲಯ. ಆಮೇಲೆ ಮಿರಜ. ಮಿರಜೇ ಯಾಕೆ ಎಂದರೆ ಉತ್ತರ ರೈಲಿನಲ್ಲಿದೆ. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬೆಳಗಾವಿ ಕಡೆಯಿಂದ ಬಂದು ಪುಣೆಗೆ ಹೋಗುತ್ತಿತ್ತು. 1891ರಲ್ಲಿ ಕೊಲ್ಲಾಪುರಕ್ಕೂ ಕವಲು ಬಿತ್ತು. ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳ ಠಾಣೆಗಳಲ್ಲಿ ಎಲ್ಲಿ ಹತ್ತಿದರೂ ರೋಗಿಯನ್ನು ಮಿರಜಿಗೆ ಇಳಿಸಬಹುದಿತ್ತು. ಎತ್ತಿನ ಗಾಡಿಯಲ್ಲಿ ಎರಡು ದಿನ ಕುಲುಕಾಡಿ ಸಾಯುವ ಬದಲು.

ಕಟ್ಟಡದ ಹಣ ಅಮೆರಿಕದ ಜಾನ್ ಕಾನ್ವರ್ಸ್ ಎಂಬ ಉದ್ಯಮಿಯದು. ಫಿಲಡೆಲ್ಫಿಯಾದಲ್ಲಿ ರೈಲು ಎಂಜಿನ್ ಮಾಡುವ ಬಾಲ್ಡ್‌ವಿನ್ ಕಾರ್ಖಾನೆಯ ಯಜಮಾನರಲ್ಲೊಬ್ಬ. 1894ರಲ್ಲಿ ದವಾಖಾನೆ ತೆರೆಯಿತು. ಅದೇ 1894ರಲ್ಲಿ ಅತ್ತ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಿಟೆಲ್ ಸಾಹೇಬರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಕಿಟೆಲ್ ಹೆಸರು ಶಾಲೆಯ ಹುಡುಗರಿಗೂ ಗೊತ್ತು. ವಾನಲೆಸ್ ಹೆಸರು ನಮ್ಮ ಕಡೆ ಯಾವ ಪಠ್ಯದಲ್ಲೂ ಕಾಣುವುದಿಲ್ಲ. ಮಿರಜ ಗಡಿಯಾಚೆ ಹೋಯಿತಲ್ಲ, ಅದಕ್ಕಿರಬಹುದು.

1897ರಲ್ಲಿ ವಾನಲೆಸ್ ಅಲ್ಲೇ ವೈದ್ಯಕೀಯ ಶಾಲೆ ತೆಗೆದರು. ಒಬ್ಬ ಡಾಕ್ಟರ ಎಷ್ಟು ಮಂದಿಯನ್ನು ಮುಟ್ಟಬಲ್ಲ? ಇಲ್ಲಿಯ ಹುಡುಗರಿಗೇ ಕಲಿಸಬೇಕು ಎಂಬ ಲೆಕ್ಕ. 1906ರಲ್ಲಿ ಮೇರಿ ತೀರಿಕೊಂಡರು. ಕೊಲ್ಲಾಪುರದ ದವಾಖಾನೆಯೊಂದಕ್ಕೆ ಆಕೆಯ ಹೆಸರಿದೆ. ವಾನಲೆಸ್ ಮಾತ್ರ ಊರು ಬಿಟ್ಟು ಹೋಗಲಿಲ್ಲ. 1928ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸರಕಾರ 'ಸರ್' ಪದವಿ ಕೊಟ್ಟಿತು. 1933ರಲ್ಲಿ ಅಮೆರಿಕದಲ್ಲಿ ಕಣ್ಣು ಮುಚ್ಚಿದರು. ಸಾಂಗಲಿ-ಮಿರಜ ನಡುವೆ ಬಸ್ಸಿನಲ್ಲಿ ಹೋಗುವವರು ವಾನಲೆಸವಾಡಿ ಎಂಬ ಊರಿನ ಹೆಸರು ಕೇಳಿರುತ್ತಾರೆ. ಅದು ಇವರದೇ ಹೆಸರು.

ಮುಟ್ಟುವುದೇ ಸೇವೆ

ಈಗಿನವರಿಗೆ ಡಾಕ್ಟರ ನಾಡಿ ಹಿಡಿದು ನೋಡಿದರೆ ಅದರಲ್ಲೇನು ದೊಡ್ಡದು ಅನಿಸೀತು. ಆಗಿನ ಕಾಲ ಹಾಗಿರಲಿಲ್ಲ. ಯಾರು ಯಾರನ್ನು ಮುಟ್ಟಬೇಕು, ಯಾರ ಕೈಯಿಂದ ನೀರು ಕುಡಿಯಬೇಕು ಎಂಬುದೇ ದೊಡ್ಡ ಕಾಯಿದೆಯಾಗಿತ್ತು. ಕೊಲ್ಲಾಪುರದ ಶಾಹೂ ಛತ್ರಪತಿಗಳು 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ನೂರಕ್ಕೆ ಐವತ್ತು ಜಾಗ ತೆಗೆದಿಟ್ಟ ಧೀರರು. ಅಂಥವರ ರಾಜ್ಯದಲ್ಲೂ, ದವಾಖಾನೆಯಲ್ಲಿ ಅಸ್ಪೃಶ್ಯ ರೋಗಿಗಳಿಗೆ ಭೇದ ಮಾಡಕೂಡದು ಎಂದು 1919ರಲ್ಲಿ ಹುಕುಂ ಹೊರಡಿಸಬೇಕಾಯಿತು. ಭೇದ ಇತ್ತು, ಅದಕ್ಕೇ ಹುಕುಂ ಬಂತು. ಈ ಶಾಹೂ ಮಹಾರಾಜರಿಗೂ ವಾನಲೆಸ್ ಸಾಹೇಬರಿಗೂ ಒಳ್ಳೆಯ ಸ್ನೇಹವಿತ್ತು ಎಂಬುದು ಆಶ್ಚರ್ಯದ ಮಾತಲ್ಲ.

ಅಂಥ ಕಾಲದಲ್ಲಿ, ಬಂದವನ ಜಾತಿ ಕೇಳದೆ ಹುಣ್ಣು ತೊಳೆದು ಪಟ್ಟಿ ಕಟ್ಟುವ ಕೈ ಏನು ಹೇಳುತ್ತಿತ್ತೋ ಅದನ್ನು ನೂರು ಪ್ರವಚನ ಹೇಳಲಾರವು.

ಕಣ್ಣಿನ ಪೊರೆ ತೆಗೆಯುವುದು, ಗಡ್ಡೆ ಕತ್ತರಿಸುವುದು, ಮೂತ್ರದ ಹರಳು ತೆಗೆಯುವುದು, ಇವು ಕಣ್ಣಿಗೆ ಕಾಣುವ ಪವಾಡಗಳು. ಕುರುಡನಾಗಿ ಹೋದ ಮುದುಕ ಮೊಮ್ಮಗನ ಮುಖ ನೋಡುತ್ತ ತಿರುಗಿ ಬಂದರೆ ಹತ್ತು ಹಳ್ಳಿಗೆ ಸುದ್ದಿ. ಇವುಗಳಿಂದ ದವಾಖಾನೆಗೆ ಹೆಸರು ಬಂತು, ಬರಬೇಕಾದದ್ದೇ. ಆದರೆ ಮಿರಜಿನ ಕಥೆಯಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇದೆ. ವಾಸಿಯಾಗದವರ ಮಾತು.

ವಾನಲೆಸರ ಕಾಲದಲ್ಲೇ ಮಿರಜಿನಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು. ರಿಚರ್ಡ್‌ಸನ್ ಹೆಸರಿನ ಕುಷ್ಠರೋಗ ಆಸ್ಪತ್ರೆ ಅದು. 1920ರ ಸುಮಾರಿಗೆ ವಾನಲೆಸವಾಡಿಯಲ್ಲಿ ಕ್ಷಯರೋಗಿಗಳ ಸ್ಯಾನಟೋರಿಯಂ. ಈಗ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಬೇಕು. ಆ ದಿನಗಳಲ್ಲಿ ಈ ಎರಡೂ ರೋಗಕ್ಕೆ ನೆಚ್ಚುವಂಥ ಔಷಧವೇ ಇರಲಿಲ್ಲ. ಕುಷ್ಠಕ್ಕೆ ಸಲ್ಫೋನ್ ಗುಳಿಗೆ ಬಂದದ್ದು 1940ರ ದಶಕದಲ್ಲಿ. ಮೂರು ಔಷಧ ಕೂಡಿಸಿ ಕೊಡುವ ಈಗಿನ ಪದ್ಧತಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 1981ರಲ್ಲಿ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದದ್ದು 1943ರಲ್ಲಿ.

ಅಂದರೆ ಗುಣಪಡಿಸುತ್ತೇವೆ ಎಂದು ಹೇಳಿಕೊಳ್ಳಲು ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಇದ್ದದ್ದು ಬಿಸಿನೀರು, ಪಟ್ಟಿ, ಹಾಲು, ಗಾಳಿ, ಒಂದು ಹಾಸಿಗೆ. ಮನೆಯವರೇ ಊರ ಹೊರಗೆ ಹಾಕಿದವರಿಗೆ ದಿನಾ ಮುಂಜಾನೆ ಬಂದು "ರಾತ್ರಿ ನಿದ್ದಿ ಬಂತೇನಪ್ಪಾ?" ಅಂತ ಕೇಳುವ ಒಬ್ಬ ಮನುಷ್ಯ. ಕುಷ್ಠರೋಗಿಯ ಕೈಗೆ ಸ್ಪರ್ಶ ತಿಳಿಯುವುದಿಲ್ಲ. ಸುಟ್ಟರೂ ಗೊತ್ತಾಗದು, ಇಲಿ ಕಡಿದರೂ ಗೊತ್ತಾಗದು. ಅದಕ್ಕೇ ಗಾಯ ದಿನಾ ನೋಡಬೇಕು, ದಿನಾ ತೊಳೆಯಬೇಕು. ನಾಳೆ ಮತ್ತೆ ಅದೇ. ಹತ್ತು ವರ್ಷ ಕಳೆದರೂ ಮತ್ತೆ ಅದೇ. ಈ ಕೆಲಸಕ್ಕೆ ಪೇಪರಿನಲ್ಲಿ ಫೋಟೋ ಬರುವುದಿಲ್ಲ, ಶಾಲು ಹೊದಿಸುವವರೂ ಇಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಅವರ ಮತ್ತಾಯನ ಸುವಾರ್ತೆಯಲ್ಲಿದೆ. ಈಗಿನ ದಾನಿಗಳು ಬಾಳೆಹಣ್ಣು ಹಂಚುವಾಗಲೂ ಕ್ಯಾಮರಾದವನನ್ನು ಮೊದಲು ಹುಡುಕುತ್ತಾರೆ, ಇರಲಿ.

ಔಷಧದ ಹಿಂದೆ ಮತಾಂತರ?

ಕೇಳಲೇಬೇಕಾದ ಪ್ರಶ್ನೆ ಇದು. ಮುಚ್ಚಿಟ್ಟು ಬರೆದರೆ ಓದುಗರಿಗೆ ಮೋಸ ಮಾಡಿದಂತೆ. ವಾನಲೆಸ್ ಬರೀ ಡಾಕ್ಟರರಲ್ಲ, ಮಿಶನರಿ. ಆಗಿನ ಮಿಶನ್ ದವಾಖಾನೆಗಳಲ್ಲಿ ಚೀಟಿ ಹಿಡಿದು ಕೂತ ರೋಗಿಗಳ ಮುಂದೆ ಬೈಬಲ್ ಓದುತ್ತಿದ್ದರು, ಪ್ರಾರ್ಥನೆ ಮಾಡುತ್ತಿದ್ದರು. ತಮ್ಮ ಧರ್ಮ ಹರಡಬೇಕೆಂಬ ಆಸೆ ಅವರಿಗಿತ್ತು, ಅದನ್ನು ಅವರು ಅಡಗಿಸಲೂ ಇಲ್ಲ.

ಗಾಂಧೀಜಿ ಇದನ್ನು ಒಪ್ಪಲಿಲ್ಲ. ಶಾಲೆ, ದವಾಖಾನೆ ನಡೆಸುವ ವಿದೇಶಿ ಮಿಶನರಿಗಳು ಸೇವೆಗಷ್ಟೇ ನಿಲ್ಲಬೇಕು, ಅದನ್ನು ಮತಾಂತರದ ಸಾಧನ ಮಾಡಿಕೊಂಡರೆ ಈ ದೇಶ ಬಿಟ್ಟು ಹೋಗುವುದೇ ಒಳ್ಳೆಯದು ಎಂಬ ಅರ್ಥದಲ್ಲಿ 1931ರಲ್ಲಿ ಖಡಾಖಡಿ ಹೇಳಿದರು. ಆ ಮಾತಿನ ತೂಕ ಕಡಿಮೆಯಲ್ಲ. ನರಳುವವನ ತಲೆದಿಂಬಿನ ಹತ್ತಿರ ಧರ್ಮದ ವ್ಯಾಪಾರ ಸಲ್ಲದು, ಅದು ಯಾರ ಧರ್ಮವಾದರೂ ಸರಿ.

ಇನ್ನೊಂದು ಮಗ್ಗುಲೂ ನೋಡಬೇಕು. ದವಾಖಾನೆ ತೆರೆದು ನೂರಾ ಮೂವತ್ತು ವರ್ಷ ದಾಟಿತು. ಅಥಣಿ, ರಾಯಬಾಗ, ಚಿಕ್ಕೋಡಿಯಿಂದ ಅಲ್ಲಿ ಹೋಗಿ ಮಲಗಿ ಎದ್ದು ಬಂದವರು ತಿರುಗಿ ಬಂದು ಏನು ಮಾಡಿದರು? ಲಿಂಗಾಯತರು ಲಿಂಗಪೂಜೆ ಮಾಡಿದರು. ಜೈನರು ಬಸದಿಗೆ ಹೋದರು. ಮುಸಲ್ಮಾನರು ದರ್ಗಾಕ್ಕೆ ಸಕ್ಕರೆ ಓದಿಸಿದರು. ಮಾಯಕ್ಕನ ಭಕ್ತರು ಚಿಂಚಲಿ ಜಾತ್ರೆ ತಪ್ಪಿಸಲಿಲ್ಲ. ಇಡೀ ಸೀಮೆ ಕ್ರೈಸ್ತವಾಗಲಿಲ್ಲ, ಅದಂತೂ ಕಣ್ಣೆದುರಿಗೇ ಇದೆ. ಧರ್ಮ ಬದಲಿಸದವನ ಪಟ್ಟಿಯನ್ನು ಅರ್ಧಕ್ಕೆ ಬಿಚ್ಚಿ ಕಳಿಸುವುದಾಗಿದ್ದರೆ ಮಂದಿ ಪೀಳಿಗೆಯಿಂದ ಪೀಳಿಗೆಗೆ "ಮಿರಜಿಗೆ ಒಯ್ರಿ" ಅನ್ನುತ್ತಿರಲಿಲ್ಲ. ನಮ್ಮ ಮಂದಿ ಅಷ್ಟು ದಡ್ಡರಲ್ಲ. ಎಲ್ಲಿ ತಕ್ಕಡಿ ಸರಿ ಇದೆ ಎಂಬುದು ಗಿರಾಕಿಗೆ ಬೇಗ ತಿಳಿಯುತ್ತದೆ.

1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಮಿರಜ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಗಡಿಯ ಜಗಳ ಎಷ್ಟು ಬಂದ್, ಎಷ್ಟು ಕಲ್ಲು ಕಂಡಿತೋ ಲೆಕ್ಕವಿಲ್ಲ. ಬೇನೆ ಬಂದಾಗ ಮಾತ್ರ ಕಾಗವಾಡದ ಆಚೆ ಗಡಿ ಯಾರ ಕಣ್ಣಿಗೂ ಬೀಳಲಿಲ್ಲ. 1962ರಲ್ಲಿ ಮಿರಜಿಗೆ ಸರಕಾರಿ ಮೆಡಿಕಲ್ ಕಾಲೇಜು ಬಂದಾಗಲೂ ಅದರ ಕಲಿಕೆಗೆ ಕೈಗೂಡಿಸಿದ್ದು ಇದೇ ಮಿಶನ್ ದವಾಖಾನೆ. ಈಗ ಚಿಕ್ಕೋಡಿ, ಗೋಕಾಕ, ಬೆಳಗಾವಿಯಲ್ಲೇ ದೊಡ್ಡ ದೊಡ್ಡ ದವಾಖಾನೆ ಎದ್ದಿವೆ. ಮಿರಜ ಪೇಟೆಯಲ್ಲೂ ಖಾಸಗಿ ಆಸ್ಪತ್ರೆಗಳ ಸಾಲೇ ಇದೆ. ಕಾಲ ಬದಲಾಗಿದೆ. ಬದಲಾಗದ್ದು ರಸ್ತೆಯ ಮೇಲೆ ಬಿದ್ದವನ ಸುತ್ತ ನಿಲ್ಲುವ ಆ ಇಪ್ಪತ್ತು ಮಂದಿ.

ಕಾಯಿದೆ ಏನನ್ನುತ್ತದೆ

ಹಾಗಾದರೆ ಕಬ್ಬೂರ ರಸ್ತೆಗೆ ತಿರುಗಿ ಬರೋಣ. ಅಂಗಡಿಕಾರರಿಗೂ ದಿನಾ ಬಸ್ಸಿಗೆ ಓಡಾಡುವವರಿಗೂ ಬೇಕಾದ ಮಾತು ಇಲ್ಲಿದೆ.

ಮೊದಲು ದವಾಖಾನೆಯವರ ಮಾತು. "ಪೊಲೀಸರು ಬರಲಿ, ಆಮೇಲೆ ನೋಡ್ತೀವಿ" ಎನ್ನುವ ಚಾಳಿಗೆ ಸುಪ್ರೀಂ ಕೋರ್ಟು 1989ರಲ್ಲೇ ಬೀಗ ಹಾಕಿದೆ. ಪರಮಾನಂದ ಕಟಾರಾ ಪ್ರಕರಣದಲ್ಲಿ ಅದು ಹೇಳಿದ್ದು ಸ್ಪಷ್ಟ: ಮೊದಲು ಜೀವ, ಕಾಗದಪತ್ರ ಆಮೇಲೆ. ಸರಕಾರಿ ಡಾಕ್ಟರಿಗೂ ಖಾಸಗಿ ಡಾಕ್ಟರಿಗೂ ಒಂದೇ ಕಟ್ಟು.

ಇನ್ನು ಎತ್ತಿ ಒಯ್ಯುವವನ ಮಾತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಇಂಥವರ ರಕ್ಷಣೆಯ ಮಾರ್ಗಸೂಚಿಗೆ ಮುದ್ರೆ ಒತ್ತಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲ ತನ್ನದೇ ಕಾಯಿದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೇ 134-ಎ ಎಂಬ ಕಲಂ ಸೇರಿತು. ಇವೆಲ್ಲದರ ತಾತ್ಪರ್ಯ ಇಷ್ಟು: ಒಳ್ಳೆಯ ಮನಸ್ಸಿನಿಂದ ಗಾಯಾಳುವನ್ನು ಎತ್ತಿ ದವಾಖಾನೆಗೆ ಒಯ್ದವನ ಮೇಲೆ, ದಾರಿಯಲ್ಲಿ ರೋಗಿಗೆ ಏನಾದರೂ ಆಯಿತೆಂದು ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ, ಫೋನ್ ನಂಬರು ಹೇಳೆಂದು ಪೊಲೀಸರು ಒತ್ತಾಯ ಮಾಡುವಂತಿಲ್ಲ. ರೋಗಿಯನ್ನು ಇಳಿಸಿ ಆತ ತನ್ನ ದಾರಿ ಹಿಡಿಯಬಹುದು. ನೀನೇ ದುಡ್ಡು ಕಟ್ಟು ಎಂದು ದವಾಖಾನೆಯವರು ಹಿಡಿದು ಕೂರಿಸುವಂತಿಲ್ಲ. ಸಾಕ್ಷಿ ಹೇಳುತ್ತೇನೆ ಎಂದು ತಾನಾಗಿ ಮುಂದೆ ಬಂದರೆ ಮಾತ್ರ ಸಾಕ್ಷಿ.

ಬಹುಮಾನವೂ ಉಂಟು. ಗಂಭೀರ ಗಾಯವಾದವನನ್ನು ಮೊದಲ ಒಂದು ತಾಸಿನೊಳಗೆ ದವಾಖಾನೆ ಮುಟ್ಟಿಸಿ ಜೀವ ಉಳಿಸಿದವನಿಗೆ ಕೇಂದ್ರ ಸರಕಾರ 2021ರಲ್ಲಿ 5 ಸಾವಿರ ರೂಪಾಯಿ ಗೊತ್ತು ಮಾಡಿತು. 2025ರಲ್ಲಿ ಅದು 25 ಸಾವಿರಕ್ಕೆ ಏರಿತು. ಸಮಾರ್ಯದವನು ಎರಡು ದೀನಾರಿ ಕೊಟ್ಟು ಹೋದ, ಈಗಿನವನಿಗೆ ಸರಕಾರವೇ ಕೊಡುತ್ತದೆ!

108 ಗಾಡಿ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಅದು ಬರುವ ತನಕ ರಸ್ತೆ ಬದಿಯ ಚಹಾದ ಅಂಗಡಿಯವ, ಪಂಚರ್ ತಿದ್ದುವವ, ಗೊಬ್ಬರದ ಅಂಗಡಿಯವ, ಇವರೇ ಛತ್ರದವರು. ಮಾಡಬೇಕಾದದ್ದು ಬಹಳವಿಲ್ಲ. ನೆತ್ತರು ಬರುವ ಕಡೆ ಸ್ವಚ್ಛ ಅರಿವೆ ಮಡಚಿ ಗಟ್ಟಿ ಒತ್ತಿ ಹಿಡಿಯುವುದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕದಿರುವುದು, ಏಕೆಂದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕುತ್ತಿಗೆಗೆ ಪೆಟ್ಟಾದ ಗುಮಾನಿ ಇದ್ದರೆ ಕೈಕಾಲು ಹಿಡಿದು ಜಗ್ಗದೆ, ನಾಲ್ಕು ಜನ ಸೇರಿ ಹಲಗೆಯ ಮೇಲೆ ಅಲುಗದಂತೆ ಎತ್ತುವುದು. ಮನೆಯವರ ಫೋನು ಎತ್ತಿ, "ಅಂಜಬ್ಯಾಡ್ರಿ ಅಣ್ಣಾ, ನಾವು ಜೋಡಿ ಅದೀವಿ" ಅನ್ನುವುದು.

ಇನ್ನೊಂದು ಮಾತು. 2020ರಲ್ಲಿ ಹೊರಟ ಕೇಂದ್ರದ ನಿಯಮದ ಪ್ರಕಾರ, ಎತ್ತಿ ತಂದವನ ಹಕ್ಕುಗಳನ್ನು ಪ್ರತಿಯೊಂದು ಆಸ್ಪತ್ರೆ, ಸರಕಾರಿ ಇರಲಿ ಖಾಸಗಿ ಇರಲಿ, ಬಾಗಿಲ ಹತ್ತಿರ ಎಲ್ಲರಿಗೂ ಕಾಣುವಂತೆ ಹಿಂದಿ, ಇಂಗ್ಲಿಷ್ ಮತ್ತು ಆ ಸೀಮೆಯ ಭಾಷೆಯಲ್ಲಿ ಬರೆದು ಹಾಕಬೇಕು. ಇಲ್ಲಿ ಅಂದರೆ ಕನ್ನಡದಲ್ಲಿ. ಮುಂದಿನ ಸಲ ದವಾಖಾನೆಗೆ ಹೋದಾಗ, ಚೀಟಿ ಮಾಡಿಸುವ ಮೊದಲು ಬಾಗಿಲ ಹತ್ತಿರ ಆ ಬೋರ್ಡು ಇದೆಯೋ ಇಲ್ಲವೋ ನೋಡಿರಿ. ಇಲ್ಲದಿದ್ದರೆ, ಎಲ್ಲೈತ್ರೀ ಅಂತ ಕೇಳಿರಿ.